ಕೋಣೆಯಲ್ಲಿ ಕೇಳುವ ಕಿವಿ

ಸಿಂಧನೂರಿನ ನನ್ನ ಕೋಣೆಯಲ್ಲಿ ಅವಳಿಗೆ ಎಲ್ಲವೂ ಕೇಳುತ್ತಿತ್ತು. ಜವಳಗೇರಾದ ಅವಳ ಗಂಡನ ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಈ ಎರಡು ಮಾತುಗಳ ನಡುವೆ ನಾನು ಆ ಬೇಸಿಗೆಯಿಡೀ ಒದ್ದಾಡಿದೆ.

ನಾನು ಕಿವಿ ಪರೀಕ್ಷೆ ಮಾಡುವವನು. ಊರು ಮುದಗಲ್, ಓದಿದ್ದು ಮೈಸೂರಿನಲ್ಲಿ. ವಾರವನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ಹಂಚಿಕೊಂಡು ಮೂರೂ ಕಡೆ ಯಾರೋ ಬಿಟ್ಟುಕೊಟ್ಟ ಕೋಣೆಗಳಲ್ಲಿ ಕೂರುತ್ತೇನೆ. ಕಿವುಡು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವುದು ದೂರದ ದೊಡ್ಡ ಆಸ್ಪತ್ರೆ. ಆಮೇಲೆ ವರ್ಷಗಟ್ಟಲೆ ಅದನ್ನು ಹದಕ್ಕೆ ತರುತ್ತಾ ಇರುವುದು ನನ್ನಂಥವರ ಪಾಲಿನ ಕೆಲಸ. ಅದರ ಒಳಭಾಗ ಕಿವಿಯ ಹಿಂದೆ ಚರ್ಮದಡಿ ಇರುತ್ತದೆ, ಅದರ ಎಳೆ ಒಳಗಿವಿಯ ಸುರುಳಿಯೊಳಗೆ ಹೋಗಿರುತ್ತದೆ. ಹೊರಭಾಗ, ಅಂದರೆ ಪ್ರೊಸೆಸರ್, ಕಿವಿಯ ಮೇಲೆ ಕೂರುತ್ತದೆ. ಮೈಕು ಇರುವುದು ಅದರಲ್ಲೇ. ಅದರಿಂದ ಹೊರಟ ವೈರಿನ ತುದಿಯಲ್ಲಿ ಒಂದು ಬಿಲ್ಲೆ. ಒಳಗಿನ ಅಯಸ್ಕಾಂತದ ಎಳೆತಕ್ಕೆ ಅದು ತಲೆಗೆ ಅಂಟಿಕೊಂಡಿರುತ್ತದೆ. ಬಿಲ್ಲೆ ಕಿತ್ತರೆ ಪೂರ್ತಿ ಮೌನ. ಇಷ್ಟು ತಿಳಿದಿದ್ದರೆ ಮುಂದಿನದಕ್ಕೆ ಸಾಕು.

ಅವಳು ಸಂತೆಕಲ್ಲೂರಿನ ಹುಡುಗಿ. ಶಾಲೆಗೆ ಸೇರುವ ಮೊದಲೇ ಆಪರೇಷನ್ ಆಗಿತ್ತು. ಈಗ ಇಪ್ಪತ್ತು ದಾಟಿದ್ದಾಳೆ, ಮದುವೆಯಾಗಿ ಜವಳಗೇರಾಕ್ಕೆ ಬಂದಿದ್ದಾಳೆ. ಮದುವೆಯಾದ ಮೇಲೆ ತಕರಾರು ಶುರುವಾಯಿತು. ತಕರಾರು ಹೊತ್ತು ತರುತ್ತಿದ್ದವನು ಗಂಡ. ಭತ್ತ ಕಟಾವಿನ ಯಂತ್ರ ಓಡಿಸುವವನು, ಒಳ್ಳೆಯವನು, ಆದರೆ ಬಾಯಿಗೆ ಬಿಡುವಿಲ್ಲ.

"ಹೆಂಗ ಕೇಳಾಕತ್ತೈತಿ ಈಗ?" ಎಂದು ನಾನು ಅವಳ ಕಡೆ ನೋಡಿ ಕೇಳಿದರೆ ಅವನೇ ಶುರುಮಾಡುತ್ತಿದ್ದ.

"ಏನ್ ಕೇಳ್ತೈತ್ರಿ ಸರ್, ನಮ್ಮವ್ವ ಒದರಿ ಒದರಿ ಹೈರಾಣ ಆಗ್ಯಾಳ. ಹಿಂದ ನಿಂತು ಕರದ್ರ ಕಲ್ಲು ನಿಂತಂಗ ನಿಂತಿರ್ತಾಳ. ಮಷೀನ್ ಹಾಕಿ ಹಾಕಿ ಕಿವಿ ಸವದೈತೇನ್ರಿ?"

"ಕಿವಿ ಸವ್ಯಾಕ ಅದೇನು ಎತ್ತಿನ ಕಾಲಿನ ಲಾಳ ಏನಪಾ?"

"ಮತ್ತ ಹಿಂಗ್ಯಾಕ್ರಿ?"

ಇದೇ ಪ್ರಶ್ನೆಯನ್ನು ಮೂರೂ ಊರಿನ ತಾಯಂದಿರು ಕೇಳುತ್ತಾರೆ: ವರ್ಷಗಟ್ಟಲೆ ಕರೆಂಟು ಹರಿದರೆ ನರ ಸುಟ್ಟುಹೋಗುವುದಿಲ್ಲವೇ? ನಾನು ಓದಿದ್ದರಲ್ಲೂ ಕಂಡದ್ದರಲ್ಲೂ ಹಾಗಿಲ್ಲ. ಮೊದಲ ಕೆಲವು ತಿಂಗಳು ನರಕ್ಕೆ ಬೇಕಾದ ಕರೆಂಟಿನ ಮಟ್ಟ ಏರಿಳಿಯುತ್ತದೆ, ಆಮೇಲೆ ಬಹುಪಾಲು ಜನರಲ್ಲಿ ಒಂದು ಕಡೆ ನಿಲ್ಲುತ್ತದೆ. ಹಾಗೆ ನಿಂತದ್ದು ಇಷ್ಟು ವರ್ಷಗಳ ಮೇಲೆ ಸುಮ್ಮಸುಮ್ಮನೆ ಕುಸಿಯಬಾರದು. ಕುಸಿದರೆ ಒಳಗಿನ ಸಾಧನ ಕೆಟ್ಟಿರಬೇಕು, ಇಲ್ಲವೇ ಹೊರಗಿನದು.

ಹೊರಗಿನದನ್ನು ಮೊದಲು ನೋಡಿದೆ. ವೈರು ಬದಲಿಸಿದೆ, ಬಿಲ್ಲೆ ಬದಲಿಸಿದೆ, ಮೈಕಿನ ಜಾಲರಿ ಒರೆಸಿದೆ. ಆಮೇಲೆ ಒಳಗಿನದು. ಕಂಪ್ಯೂಟರಿಗೆ ಹಚ್ಚಿ ಒಳಗಿನ ಎಳೆಯ ಪ್ರತಿ ಬಿಂದುವನ್ನೂ ತಪಾಸಣೆ ಮಾಡಿದೆ. ಎಲ್ಲವೂ ಸರಿ. ಸ್ಪೀಕರಿನ ಮುಂದೆ ಕೂರಿಸಿ ಸಣ್ಣ ಸದ್ದು ಬಿಟ್ಟೆ, ಕೈ ಎತ್ತಿದಳು. ಇನ್ನೂ ಸಣ್ಣದು ಬಿಟ್ಟೆ, ಆಗಲೂ ಎತ್ತಿದಳು. ಮನೆಗೆ ಹೋದರೆ ಮತ್ತೆ ಅದೇ ಹಾಡು. ನಾನೂ, ಅತ್ತ ದೊಡ್ಡ ಆಸ್ಪತ್ರೆಯವರೂ, ಬಂದಾಗೊಮ್ಮೆ ಸದ್ದಿನ ಮಟ್ಟವನ್ನು ಇಷ್ಟಿಷ್ಟು ಏರಿಸುತ್ತಾ ಹೋದೆವು. ಮೈಕಿನ ಚುರುಕನ್ನೂ ಹೆಚ್ಚಿಸಿದೆವು. ಫಲ ಏನೆಂದರೆ ಮುಂದಿನ ಸಲ ತಕರಾರು ಇನ್ನಷ್ಟು ಜೋರಾಗಿ ಬರುತ್ತಿತ್ತು. ಎಷ್ಟು ಹೊತ್ತು ಹಾಕಿಕೊಂಡಿದ್ದಳು ಎಂಬುದನ್ನು ತಾನೇ ನೆನಪಿಟ್ಟುಕೊಳ್ಳುವ ಹೊಸ ಪ್ರೊಸೆಸರುಗಳಿವೆ. ಅವಳದು ಹಳೆಯದು, ಅದಕ್ಕೆ ಆ ಬುದ್ಧಿ ಇಲ್ಲ. "ದಿನಾ ಹಾಕ್ಕೋತಿಯೇನವಾ?" ಎಂದರೆ ಗಂಡ "ಒಂದ್ ನಿಮಿಷ ತಗಿಯಂಗಿಲ್ರಿ" ಎನ್ನುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು.

ಕೊನೆಗೆ ಆಪರೇಷನ್ ಮಾಡಿದ ಸರ್ಜನ್ನರೇ ಫೋನ್ ಮಾಡಿದರು.

"ಇದು ಸಾಧನ ಒಳಗೊಳಗೇ ಸೋಲುತ್ತಿರುವ ಲಕ್ಷಣ. ನಿಮ್ಮ ಪರೀಕ್ಷೆಗೆ ಸಿಗುವುದಿಲ್ಲ, ಬಳಸುವವರಿಗೆ ಮಾತ್ರ ಗೊತ್ತಾಗುತ್ತದೆ. ತೆಗೆದು ಹೊಸದು ಹಾಕೋಣ. ನೀವು ಒಂದು ಶಿಫಾರಸು ಬರೆಯಿರಿ, ನಾನು ದಿನ ಇಡುತ್ತೇನೆ."

"ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಸರ್."

"ಅದನ್ನೇ ನಾನು ಹೇಳ್ತಿರೋದು. ಪರೀಕ್ಷೆ ಸರಿ, ಕೇಳೋದು ಕಡಿಮೆ. ಇನ್ನೇನು ಬೇಕು ನಿಮಗೆ?"

ಪರೀಕ್ಷೆ ಕೆಟ್ಟರೆ ಸಾಧನ ಕೆಟ್ಟಿದೆ, ಪರೀಕ್ಷೆ ಸರಿಬಂದರೂ ಸಾಧನ ಕೆಟ್ಟಿದೆ. ಇಂಥ ತರ್ಕ ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಅವರು ಹೇಳಿದ್ದು ಸುಳ್ಳೂ ಅಲ್ಲ. ಹಾಗೆ ಸದ್ದಿಲ್ಲದೆ ಸೋತ ಸಾಧನಗಳನ್ನು ಅವರೂ ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಬರೆದುಕೊಟ್ಟರೆ ಆ ಹುಡುಗಿಯ ಕಿವಿಯ ಹಿಂದಿನ ಅದೇ ಎಲುಬನ್ನು ಮತ್ತೆ ತೆರೆಯುತ್ತಾರೆ. ಹಳೆಯ ಎಳೆ ಕೂತಲ್ಲಿ ಹೊಸದು ಪೂರ್ತಿ ಇಳಿಯದೇ ಹೋಗಬಹುದು, ಈಗ ಕೇಳುವಷ್ಟೂ ಕೇಳದೇ ಹೋಗಬಹುದು. ಬರೆಯದಿದ್ದರೆ, ಸಾಧನ ನಿಜಕ್ಕೂ ಸೋಲುತ್ತಿದ್ದರೆ, ಒಂದು ದಿನ ಆ ಮನೆಯಲ್ಲಿ ಅವಳಿಗೆ ಎಲ್ಲ ನಿಂತುಹೋಗುತ್ತದೆ. ಅತ್ತೆ ಆಗಲೇ ಮಗನ ಮೂಲಕ ಹೇಳಿಕಳಿಸಿದ್ದಳು: ರಿಪೇರಿ ಆಗುವ ತನಕ ತವರಲ್ಲೇ ಇರಲಿ.

ಕುಸಿತ ನಿಜವೋ ಅಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಎಷ್ಟು ಎತ್ತರದಲ್ಲಿತ್ತು ಎಂದು ಗೊತ್ತಿರಬೇಕು. ಅವಳ ಬಾಲ್ಯದ ಅಳತೆಗಳು ಹಳೆಯ ಕಂಪ್ಯೂಟರಿನ ಜೊತೆಗೇ ಸತ್ತಿದ್ದವು. ಉಳಿದದ್ದು ನನ್ನ ನೆನಪು. ಲಿಂಗಸುಗೂರಿನ ಕೋಣೆಯಲ್ಲಿ ಅವಳ ಬೆನ್ನ ಹಿಂದೆ ಕುಳಿತು ನಾನು ಮಾತು ಹೇಳುತ್ತಿದ್ದೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ಹುಡುಗಿ ಒಂದೂ ಬಿಡದೆ ಹಾಗೇ ಮತ್ತೆ ಹೇಳುತ್ತಿದ್ದಳು. ಹಾಗೆಂದು ನನಗೆ ನೆನಪು. ಆದರೆ ಎರಡು ಜಡೆಯ ಹುಡುಗಿಯರು ನನ್ನ ಮುಂದೆ ಎಷ್ಟು ಜನ ಕೂತು ಎದ್ದಿಲ್ಲ? ಬೇರೆ ಯಾರದೋ ಚುರುಕನ್ನು ಇವಳಿಗೆ ಅಂಟಿಸಿ, ಆ ನೆನಪಿನ ಬಲದ ಮೇಲೆ ಇವಳ ತಲೆ ತೆರೆಸಲು ಹೊರಟಿದ್ದೇನೆಯೇ?

ಮಸ್ಕಿಯ ಕೆಲಸ ಮುಗಿದ ಒಂದು ಮಧ್ಯಾಹ್ನ ಆಟೋ ಹಿಡಿದು ಸಂತೆಕಲ್ಲೂರಿಗೆ ಹೋದೆ. ಅವಳ ಅಪ್ಪ ತೊಗರಿ ಹೊಟ್ಟು ತುಂಬುತ್ತಿದ್ದವನು ಕೈ ಒರೆಸಿಕೊಂಡು ಬಂದ.

"ಆಕಿ ಹಿಂದಿನಿಂದ ಹೇಳಿದ್ದೆಲ್ಲಾ ಹೇಳ್ತಿದ್ಲಲ್ಲ? ನೆನಪೈತಿಲ್ಲೋ ನಿನಗ?"

"ಐತ್ರಿ ಸಾಹೇಬ್ರ. ಪಟಪಟಾ ಹೇಳ್ತಿದ್ಲು. ನೀವು ಖುಷಿ ಆಗಿ ಮೀಸಿ ತಿರವ್ತಿದ್ರಿ."

"ನನಗ ಎಲ್ಲಿ ಮೀಸಿ ಇತ್ತೋ ಮಾರಾಯ?"

"ಇದ್ವಲ್ರೀ! ದೊಡ್ಡವು ಇದ್ವು."

ಮುಗಿಯಿತು. ನನಗೆ ಜನ್ಮದಲ್ಲಿ ಮೀಸೆ ಇರಲಿಲ್ಲ. ಹಾಗಾದರೆ ಇವನು ನೆನೆಯುತ್ತಿರುವುದು ಬೇರೆ ಯಾವನೋ ಡಾಕ್ಟರನ್ನು, ಇವನ ಸಾಕ್ಷಿಯೂ ಕೆಲಸಕ್ಕೆ ಬಾರದು. ವಾಪಸು ಬರುವಾಗ ಆಟೋದಿಂದಲೇ ಹೆಂಡತಿಗೆ ಫೋನ್ ಮಾಡಿ ಇದನ್ನು ಹೇಳಿ ನಕ್ಕೆ. ಅವಳು ನಗಲಿಲ್ಲ.

"ಇದ್ವಲ್ರೀ ಮೀಸಿ. ಲಗ್ನಕ್ಕಿಂತ ಮೊದಲು. ನಾನ ತಗಸೀನಿ."

ಆಟೋದಲ್ಲಿ ಕೂತವನು ಮೇಲ್ದುಟಿ ಮುಟ್ಟಿ ನೋಡಿಕೊಂಡೆ. ಸ್ವಂತ ಮುಖದ ಮೇಲೆ ಇದ್ದದ್ದು ನೆನಪಿಲ್ಲದವನು ಒಬ್ಬ ಹುಡುಗಿಯ ಕಿವಿಯ ಇತಿಹಾಸ ಹೇಳಲು ಹೊರಟಿದ್ದೆ.

ಅತ್ತ ಸರ್ಜನ್ನರ ಕಡೆಯಿಂದ ಶಿಫಾರಸಿಗಾಗಿ ದಿನವೂ ಫೋನು. ಇತ್ತ ಗಂಡ ಕಟಾವು ಮುಗಿಯುವುದರೊಳಗೆ ಆಪರೇಷನ್ ಆಗಬೇಕೆಂದು ಗಂಟುಬಿದ್ದಿದ್ದ. ಒಂದು ಬೆಳಗ್ಗೆ ಬರೆದೇಬಿಡೋಣವೆಂದು ಕೂತೆ. ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡೆ: 'ಮನೆಯಲ್ಲಿ ರೋಗಿಗೆ ಕೇಳುವುದಿಲ್ಲ ಎಂದು ಕಂಡುಬಂದಿದೆ.' ಕಂಡದ್ದು ಯಾರು? ನಾನು ಕಂಡಿಲ್ಲ. ಸರ್ಜನ್ನರು ಕಂಡಿಲ್ಲ. ಗಂಡ ದಿನವಿಡೀ ಗದ್ದೆಯಲ್ಲಿರುತ್ತಾನೆ, ಅವನೂ ಕಂಡಿಲ್ಲ. ಕಂಡವಳು ಅತ್ತೆ ಒಬ್ಬಳೇ, ಅವಳನ್ನು ನಾವ್ಯಾರೂ ಕಂಡಿಲ್ಲ. ಕಾಗದವನ್ನು ಅಲ್ಲಿಗೇ ಬಿಟ್ಟೆ. ಪರೀಕ್ಷೆಯ ಸಾಮಾನನ್ನೇ ಆ ಮನೆಗೆ ಒಯ್ಯುವುದು, ಅದಾಗದೆ ಒಂದಕ್ಷರ ಬರೆಯುವುದಿಲ್ಲ ಎಂದು ನಿರ್ಧರಿಸಿದೆ. ಸರ್ಜನ್ನರು "ಮನೆಯಲ್ಲಿ ಮಾಡೋದು ಪರೀಕ್ಷೆನೇ ಅಲ್ಲ" ಎಂದರು. ಕೋಣೆಯಲ್ಲಿ ಮಾಡಿದ್ದನ್ನೂ ನೀವು ನಂಬುತ್ತಿಲ್ಲವಲ್ಲ ಎಂದೆ. ಫೋನು ಇಟ್ಟರು.

ಲ್ಯಾಪ್‌ಟಾಪು, ಪ್ರೊಸೆಸರಿಗೆ ಹಚ್ಚುವ ಪೆಟ್ಟಿಗೆ, ಸದ್ದಳೆಯುವ ಮೀಟರು, ಎಲ್ಲವನ್ನೂ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಹಿಂದಿನ ದಿನ ಗಂಡನಿಗೆ ತಿಳಿಸಿದ್ದೆ. ಅವನು ಮನೆಯಲ್ಲಿ ತಿಳಿಸಿರಲಿಲ್ಲ. ನಾನು ಹೋದಾಗ ಅತ್ತೆ ಬಾಗಿಲಲ್ಲೇ ಅಕ್ಕಿ ಹಸನು ಮಾಡುತ್ತಿದ್ದಳು. ತಲೆಯ ಮೇಲೆ ಬಿಗಿಯಾದ ಸೆರಗು.

"ಯಾರು ಬೇಕಾಗಿತ್ರೀ?"

"ನಿಮ್ಮ ಸೊಸಿ ಕಿವಿ ನೋಡೋ ಡಾಕ್ಟರ್ ರೀ."

"ಓಹೋ, ನೀವೇನು! ಬರ್ರಿ ಬರ್ರಿ. ನೋಡ್ರಿ ಹೆಂಗ ರಿಪೇರಿ ಮಾಡೀರಿ ಅಂತ ನೀವ ನೋಡ್ರಿ." ಒಳಗೆ ತಿರುಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಏ ಹುಡುಗಿ! ಡಾಕ್ಟರು ಬಂದಾರ, ನೀರು ತಾ!"

ಒಳಗಿಂದ ಉತ್ತರವಿಲ್ಲ. ಅತ್ತೆ ನನ್ನ ಕಡೆ ತಿರುಗಿ ಕೈ ತಿರುವಿದಳು. ಕೇಸು ಗೆದ್ದವರ ಮುಖ.

ಒಳಗೆ ಹೋದೆ, ಅತ್ತೆಯೂ ಹಿಂದೆ ಬಂದಳು. ಸೊಸೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ತಲೆಯ ಮೇಲೂ ಸೆರಗು, ಎರಡೂ ಕಿವಿ ಮುಚ್ಚುವಂತೆ. ನಾನು ಹಿಂದೆ ನಿಂತು ನಾವು ಬಳಸುವ ಸಣ್ಣ ಪರೀಕ್ಷೆ ಮಾಡಿದೆ: ಆ, ಈ, ಊ, ಮ್, ಶ್, ಸ್. ದಪ್ಪ ಸದ್ದಿನಿಂದ ಸಣ್ಣ ಸದ್ದಿನ ತನಕ ಮಾತಿನ ಹರವೆಲ್ಲ ಆ ಆರರಲ್ಲಿ ಬರುತ್ತದೆ. ಒಂದಕ್ಕೂ ತಿರುಗಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದೆ. ಅದಕ್ಕೂ ಇಲ್ಲ. ಸರ್ಜನ್ನರು ಹೇಳಿದ್ದೇ ಸರಿ, ಸಾಧನ ಸೋತಿದೆ, ನನ್ನ ಹಟ ದಂಡವಾಯಿತು ಎಂದುಕೊಂಡೆ.

ಆಗ ನಮ್ಮ ನೆರಳು ಗೋಡೆಯ ಮೇಲೆ ಕಂಡಿರಬೇಕು. ತಿರುಗಿದಳು. ನನ್ನನ್ನು ಕಂಡು ಗಾಬರಿಯಾದಳು, ಕೈ ಸರ್ರನೆ ಸೆರಗಿನೊಳಗೆ ಹೋಯಿತು. ಒಳಗೆ ಏನನ್ನೋ ತಡವರಿಸಿ ಸರಿಮಾಡಿದಳು. ಆಮೇಲೆ, "ಸರ್, ಯಾವಾಗ ಬಂದ್ರಿ?"

ಆ ಕೈ! ಬಿಲ್ಲೆಯನ್ನು ತಲೆಗೆ ಅಂಟಿಸುವ ಕೈಯನ್ನು ನಾನು ದಿನವೂ ನೋಡುತ್ತೇನೆ.

"ಬಿಲ್ಲೆ ಕಿತ್ತಿತ್ತೇನು?" ಎಂದೆ.

ಅವಳು ಅತ್ತೆಯ ಕಡೆ ನೋಡಿದಳು.

"ಅವರನ್ನ ಏನ್ ನೋಡ್ತಿ? ನನಗ ಹೇಳು. ಕಿತ್ತಿಟ್ಟಿದ್ದೇನು?"

"ಹ್ಞೂಂ ರೀ."

"ಎಷ್ಟೊತ್ತಿಂದ?"

"ಮನ್ಯಾಗ ಇದ್ರ ಕೀಳ್ತೀನ್ರಿ. ಸೆರಗು ತಿಕ್ಕಿದ್ರ ತಲಿಯೊಳಗ ತಗಡು ಎಳದಂಗ ಆಗ್ತೈತಿ. ಮೊದ್ಲ ಇಷ್ಟ ಇರ್ಲಿಲ್ಲ. ನೀವು ಹೆಚ್ಚು ಮಾಡಿದಂಗೆಲ್ಲಾ ತಡಿಯಾಕ ಆಗ್ಲಿಲ್ಲ."

ಅತ್ತೆ ನಡುವೆ ಬಾಯಿ ಹಾಕಿದಳು. "ಅಯ್ಯ, ಹಾಕ್ಕೊಂಡಿರ್ತಾಳಂತ ನಾ ತಿಳದೀನಿ! ಸೆರಗಿನ್ಯಾಗ ನನಗೇನು ಕಾಣ್ತೈತಿ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ನನ್ನ ಕೋಣೆಗೆ ಬಂದಾಗ ಅವಳು ಸೆರಗನ್ನು ಹೆಗಲಿಗೆ ಇಳಿಸಿಯೇ ಕೂರುತ್ತಿದ್ದಳು. ವೈರು ಹಚ್ಚಬೇಕಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ತವರಲ್ಲಿ ಸೆರಗಿನ ಗೊಡವೆ ಇರಲಿಲ್ಲ, ಶಾಲೆಯಲ್ಲಿ ಇರಲಿಲ್ಲ. ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಬಂದದ್ದು ಈ ಮನೆಯಲ್ಲಿ. ಬಟ್ಟೆ ಮೈಕಿನ ಮೇಲೆ ಬಿದ್ದರೆ ಮಾತು ಮಂಕು, ತಿಕ್ಕಾಟ ಜೋರು. ಅವಳಿಗೆ ಕೇಳುವುದಿಲ್ಲ ಎಂದು ನಾವು ಮಟ್ಟ ಏರಿಸಿದೆವು. ಮಾತಿನ ಜೊತೆ ತಿಕ್ಕಾಟವೂ ಏರಿತು. ತಡೆಯಲಾರದೆ ಬಿಲ್ಲೆ ಕಿತ್ತಳು. ಆಗ ಪೂರ್ತಿ ಕೇಳಲಿಲ್ಲ, ನಾವು ಇನ್ನೂ ಏರಿಸಿದೆವು. ಯಂತ್ರ ಕಳಚಿದೆ ಎಂಬುದನ್ನೂ ಅದೇ ಸೆರಗು ಮುಚ್ಚಿತ್ತು.

"ಇಷ್ಟು ದಿನ ಯಾಕ ಹೇಳ್ಲಿಲ್ಲವ್ವಾ?"

"ಯಾರು ಕೇಳಿದ್ರೀ? ನೀವು ಕೇಳ್ತಿದ್ರಿ, ಅವರು ಹೇಳ್ತಿದ್ರು."

ಬರೀ ಊಹೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಹಾಗಾಗಿ ಮೈಕು ಹಿಡಿದ ಸದ್ದನ್ನು ನಾವೇ ಕೇಳಿ ನೋಡುವ ಇಯರ್‌ಫೋನನ್ನು ಪ್ರೊಸೆಸರಿಗೆ ಸಿಕ್ಕಿಸಿದೆ. ಅವಳ ಸೀರೆ ಗರಿಗರಿ ಪಾಲಿಯೆಸ್ಟರು. ಸೆರಗಿನ ತುದಿಯನ್ನು ಮೈಕಿನ ಮೇಲೆ ಮೆಲ್ಲಗೆ ಎಳೆದಾಗ ಕಲ್ಲುರಾಶಿಯನ್ನು ಟಿಪ್ಪರಿನಿಂದ ಸುರಿದಂತಾಯಿತು. ನನ್ನ ಕಿವಿಯಿಂದ ಅದನ್ನು ಕಿತ್ತು ಅತ್ತೆಯ ಕೈಗೆ ಕೊಟ್ಟೆ.

"ಕಿವಿಗಿ ಇಟ್ಕೋರಿ."

"ನನಗ್ಯಾಕ್ರಿ? ನನ್ನ ಕಿವಿ ಛಲೋ ಅದಾವ."

"ಛಲೋ ಅದಾವಂತನ ಇಟ್ಕೋರಿ ಅನ್ನಾಕತ್ತೀನಿ."

ಇಟ್ಟುಕೊಂಡಳು. ನಾನು ಬಟ್ಟೆ ಎಳೆದೆ. "ಯವ್ವಾ!" ಎಂದು ಕಿತ್ತೊಗೆದು ಎರಡು ಹೆಜ್ಜೆ ಹಿಂದೆ ಸರಿದಳು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆ ಅವಳನ್ನು ದುರುಗುಟ್ಟಿ ನೋಡಿ, ಆಮೇಲೆ ಸ್ವಲ್ಪ ಇಳಿದ ದನಿಯಲ್ಲಿ, "ದಿನಾ ಹಿಂಗ ಆಗ್ತೈತೇನ?" ಎಂದಳು.

"ಹ್ಞೂಂ ಅತ್ತಿ."

ಆದರೆ ಮುಂದಿನ ಮಾತಿಗೆ ಅತ್ತೆ ಮತ್ತೆ ಗಟ್ಟಿಯಾದಳು. "ಅಂದ್ರ ಈಗ ಸೆರಗು ತಗೀರಿ ಅಂತೀರೇನು? ಅದೊಂದು ಆಗಂಗಿಲ್ಲ ನೋಡ್ರಿ. ನಮ್ಮ ಮಾವ ಇನ್ನೂ ಜೀವಂತ ಅದಾರ, ಕಟ್ಟಿ ಮ್ಯಾಲ ಕುಂತಾರ. ನಾನ ಇಳಿಸಿಲ್ಲ, ಈಕಿ ಇಳಿಸ್ತಾಳ?"

ನಾನು ವೈರು ಉದ್ದ ಮಾಡಬಹುದು, ಪ್ರೊಸೆಸರನ್ನು ಕೊರಳ ಬಳಿ ಸಿಕ್ಕಿಸಬಹುದು ಎಂದು ಏನೇನೋ ಹೇಳಿದೆ. ಕೊರಳ ಮೇಲೂ ಅದೇ ಬಟ್ಟೆ ಎಂಬುದು ಹೇಳುವಾಗಲೇ ನನಗೆ ಹೊಳೆಯಿತು. ಆಪರೇಷನ್ನಿನ ಮಾತು ತಲೆಯ ಮೇಲೆ ಕೂತಿದೆ, ಕಾರಣ ಕೈಯಲ್ಲಿದೆ, ಆದರೂ ಒಂದು ಗೇಣು ಪಾಲಿಯೆಸ್ಟರ್ ಬಟ್ಟೆಯನ್ನು ದಾಟಲಾಗುತ್ತಿಲ್ಲ. ಸಾಕಾಗಿ ಚೀಲಕ್ಕೆ ಸಾಮಾನು ತುಂಬತೊಡಗಿದೆ.

ಅಷ್ಟರಲ್ಲಿ ಅತ್ತೆಯ ಮೊಬೈಲು ಕೂಗಿತು. ಅವಳು ಸೊಂಟದಿಂದ ತೆಗೆದು, ಸೆರಗನ್ನು ಬೆರಳಿನಿಂದ ಕಿವಿಯ ಹಿಂದಕ್ಕೆ ಸಿಕ್ಕಿಸಿ, ಫೋನನ್ನು ಕಿವಿಗಿಟ್ಟು ಮಗಳ ಜೊತೆ ಮಾತಾಡಿದಳು. ಸೆರಗು ತಲೆಯ ಮೇಲೇ ಇತ್ತು. ಕಿವಿ ಹೊರಗಿತ್ತು. ಮಾತು ಮುಗಿಯುವವರೆಗೂ ನಾನು ಆ ಕಿವಿಯನ್ನೇ ನೋಡುತ್ತಿದ್ದೆ.

"ಏನ್ ನೋಡ್ತೀರಿ ಹಂಗ?" ಎಂದಳು ಫೋನು ಇಟ್ಟು.

"ಈಗ ಮಾವ ನೋಡಿದ್ರ ಏನಾರ ಅಂತಿದ್ರೇನ್ರಿ ನಿಮಗ?"

"ಯಾಕಂತಾರ? ಸೆರಗೇನು ಬಿದ್ದೈತೇನು?"

"ಹಂಗಾರ ನಿಮ್ಮ ಸೊಸಿಗೂ ಹಿಂಗ ಸಿಗಿಸ್ರಿ. ಆ ಬದಿ ಕಿವಿ ಅಷ್ಟ. ಆಕಿಗಿ ದಿನಪೂರ್ತಿ ಫೋನ್ ಬಂದೈತಿ ಅಂತ ತಿಳಕೋರಿ."

ಅತ್ತೆ ಸೊಸೆಯ ಹತ್ತಿರ ಹೋಗಿ, ತಾನೇ ಸೆರಗನ್ನು ಮಡಿಚಿ, ಪ್ರೊಸೆಸರಿನ ಹಿಂದಕ್ಕೆ ಸಿಕ್ಕಿಸಿ, ಮೇಲೊಂದು ಪಿನ್ನು ಚುಚ್ಚಿದಳು.

ಉಳಿದದ್ದು ನನ್ನ ಕೆಲಸ. ಲ್ಯಾಪ್‌ಟಾಪು ತೆರೆದು, ನಾವೇ ಏರಿಸಿದ ಸದ್ದಿನ ಮಟ್ಟವನ್ನು ಬಿಂದು ಬಿಂದುವಾಗಿ ಇಳಿಸಿದೆ. ಪ್ರತಿ ಸಲವೂ ಅವಳನ್ನೇ ಕೇಳಿದೆ: ಜೋರೋ, ಹಿತವೋ? ಮೈಕಿನ ಚುರುಕು ಕಡಿಮೆ ಮಾಡಿದೆ. ಅವಳನ್ನು ಒಲೆಯ ಹಿಂದಿನ ಮಸಿಗೋಡೆಗೆ ಮುಖಮಾಡಿ ನಿಲ್ಲಿಸಿ ಆರು ಧ್ವನಿ ಹೇಳಿದೆ. ಆರಕ್ಕೂ ಕೈ ಎತ್ತಿದಳು. ಆಮೇಲೆ ಅತ್ತೆಗೆ, ಬಾಗಿಲ ಬಳಿಯಿಂದ ಏನಾದರೂ ಹೇಳಿರಿ, ಅವಳು ಅದನ್ನೇ ಮತ್ತೆ ಹೇಳಲಿ ಎಂದೆ.

ಅತ್ತೆ ಮಾಮೂಲಿ ದನಿಯಲ್ಲಿ ಹೇಳಿದಳು: "ನಿನ್ನ ಗಂಡಗ ಹೇಳು, ಮನಿಗಿ ಮಂದಿ ಬರೋದಿದ್ರ ಒಂದ್ ಮಾತು ಮೊದಲ ಹೇಳಬೇಕಂತ."

ಸೊಸೆ ಅದನ್ನು ಮತ್ತೆ ಹೇಳಲಿಲ್ಲ. ಗೋಡೆಯ ಕಡೆ ಮುಖವಿಟ್ಟುಕೊಂಡೇ ಉತ್ತರ ಕೊಟ್ಟಳು: "ನೀವ ಹೇಳ್ರಿ ಅತ್ತಿ. ನಾ ಹೇಳಿದ್ದು ಯಾವಾಗ ಕೇಳ್ಯಾರ ಅವರು?"

ನಿಯಮದ ಪ್ರಕಾರ ಅದು ತಪ್ಪು ಉತ್ತರ. ನಾನು ಸರಿ ಎಂದು ಹಾಕಿಕೊಂಡೆ.

ಸಾಧನ ಸೋತಿಲ್ಲ, ಆಪರೇಷನ್ ಸದ್ಯಕ್ಕೆ ಬೇಡ ಎಂದು ಸರ್ಜನ್ನರಿಗೆ ಬರೆದೆ. "ಸೆರಗು ಅಂತೆ" ಎಂದು ಅವರು ಫೋನಿನಲ್ಲಿ ಎರಡು ಸಲ ಹೇಳಿ, ಮಳೆಗಾಲ ಮುಗಿಯುವವರೆಗೆ ನೋಡೋಣ, ಆಮೇಲೆ ಏನಾದರೂ ಆದರೆ ನೀವೇ ಹೊಣೆ ಎಂದರು. ಹೊಣೆ ಹೊತ್ತುಕೊಂಡೆ, ಅದೇನೂ ಸುಖವಾಗಿರಲಿಲ್ಲ. ಗೋಡೆಯ ಮುಂದೆ ನಿಂತು ಒಂದು ಉತ್ತರ ಕೊಟ್ಟಳೆಂದ ಮಾತ್ರಕ್ಕೆ ಸಾಧನ ಗಟ್ಟಿ ಎಂದಾಗುತ್ತದೆಯೇ? ಬೆಳಗ್ಗೆ ಆಗುತ್ತದೆ ಅನ್ನಿಸಿದರೆ ಸಂಜೆಗೆ ಇಲ್ಲ ಅನ್ನಿಸುತ್ತಿತ್ತು.

ಮಳೆ ನಿಂತ ಮೇಲೆ ಅವಳು ಸಿಂಧನೂರಿಗೆ ಬಂದಳು. ಒಬ್ಬಳೇ, ಬಸ್ಸಿನಲ್ಲಿ. ಸೆರಗು ತಲೆಯ ಮೇಲೆ, ಕಿವಿ ಹೊರಗೆ, ಪಿನ್ನು ಅದೇ. ಬಿಲ್ಲೆ ಈಗ ಮಲಗುವಾಗ ಮಾತ್ರ ತೆಗೆಯುತ್ತೇನೆ ಎಂದಳು. ತವರಿಗೆ ಕಳಿಸುವ ಮಾತು ಏಳುತ್ತಿಲ್ಲ. ಅತ್ತೆ ಈಗ ಕೂಗುವುದನ್ನು ಬಿಟ್ಟು ಪಿಸುಗುಟ್ಟಿ ಪರೀಕ್ಷೆ ಮಾಡುತ್ತಾಳಂತೆ, ಅದೇ ಹೊಸ ಕಾಟ ಎಂದಳು. ಅಳತೆ ತೆಗೆದೆ. ಇಳಿಸಿದ ಮಟ್ಟದಲ್ಲೇ ಎಲ್ಲವೂ ನಿಂತಿತ್ತು.

ಹೊರಡುವ ಮೊದಲು ನನ್ನನ್ನು ಕೊರೆಯುತ್ತಿದ್ದುದನ್ನು ಕೇಳಿದೆ. "ಸಣ್ಣಾಕಿ ಇದ್ದಾಗ ಲಿಂಗಸುಗೂರಿನ್ಯಾಗ ನಾ ನಿನ್ನ ಹಿಂದ ಕುಂತು ಮಾತು ಹೇಳ್ತಿದ್ದೆ. ನೀ ಒಂದೂ ಬಿಡದಂಗ ಹೇಳ್ತಿದ್ದೆ. ಅದು ನೀನ ಹೌದಲ್ಲೋ?"

"ನಾನ ಹೌದ್ರಿ ಸರ್."

ನನ್ನ ನೆನಪು ಸುಳ್ಳಲ್ಲ! ಎದೆ ಹಗುರಾಯಿತು.

"ಎದುರಿಗೆ ಗಾಜಿನ ಅಲ್ಮಾರಿ ಇತ್ತಲ್ರೀ," ಎಂದಳು. "ಅದರಾಗ ನಿಮ್ಮ ಬಾಯಿ ಕಾಣ್ತಿತ್ತು. ಮೀಸಿ ಅಡ್ಡ ಬರ್ತಿತ್ತು ಖರೆ, ಆದ್ರೂ ತಿಳೀತಿತ್ತು."

ಅಂದರೆ ಯಾವ ಎತ್ತರದಿಂದ ಕುಸಿದಿದ್ದಾಳೆಂದು ಬೇಸಿಗೆಯಿಡೀ ಲೆಕ್ಕ ಹಾಕಿದ್ದೆನೋ, ಆ ಎತ್ತರವೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಮತ್ತ ನಿಮ್ಮ ಮನ್ಯಾಗ? ಒಲಿ ಮುಂದ ನಿಂತು ನಿಮ್ಮ ಅತ್ತಿಗಿ ಉತ್ತರ ಕೊಟ್ಟಿ. ಅದು?"

ಅವಳು ಎದ್ದು ನಿಂತು, ಸೆರಗಿನ ಪಿನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

"ಅಲ್ಲಿ ಎದುರಿಗೆ ಬರೇ ಗ್ವಾಡಿ ಇತ್ತಲ್ರೀ ಸರ್."